ಕಂಪನಿ ಅಮೆರಿಕದ್ದು, ಕೆಲಸ ಗದಗಿನಲ್ಲಿ: ರಜೆ ಯಾವ ದೇಶದ ಕಾನೂನಿನ ಪ್ರಕಾರ?

‘ವಿದೇಶಿ ಕಂಪನಿಗೆ ಸೇರಿದರೆ ಆ ದೇಶದ ರಜೆ ಸಿಗುತ್ತದೆ’, ‘ಹೆರಿಗೆಗೆ ದುಡಿಯುವ ಎಲ್ಲ ಹೆಣ್ಣುಮಕ್ಕಳಿಗೂ ಆರು ತಿಂಗಳು ಸಂಬಳ ಬರುತ್ತದೆ’, ‘ಮುಟ್ಟಿನ ರಜೆಗೆ ಕೋರ್ಟ್ ತಡೆ ಕೊಟ್ಟಿದೆ’. ರಜೆಯ ಬಗ್ಗೆ ಇಂಥ ಮಾತುಗಳು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಪ್ರತಿಯೊಂದರಲ್ಲೂ ಅರ್ಧ ಸತ್ಯ ಇದೆ. ಅದನ್ನು ನಂಬಿ ರಜೆ ಹಾಕಿದರೆ ಸಂಬಳ ಕಡಿತವಾಗಬಹುದು. ನಿಜ ಗೊತ್ತಿಲ್ಲದೆ ಸುಮ್ಮನಿದ್ದರೆ ಹಕ್ಕಿನ ರಜೆಯೇ ಕೈತಪ್ಪಬಹುದು.

ಗದಗ-ಬೆಟಗೇರಿಯ ಅಂಗಡಿ, ಮುದ್ರಣಾಲಯಗಳಲ್ಲಿ ದುಡಿಯುವವರು, ಲಕ್ಷ್ಮೇಶ್ವರದ ಮನೆಯಲ್ಲೇ ಕುಳಿತು ಹೊರದೇಶದ ಕಂಪನಿಗೆ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರು, ಶಿರಹಟ್ಟಿ, ಮುಂಡರಗಿಯಿಂದ ದುಬೈಗೆ ಹೋದವರು, ಹೀಗೆ ಒಬ್ಬೊಬ್ಬರಿಗೂ ಅನ್ವಯಿಸುವ ಕಾನೂನು ಬೇರೆ. ಒಂದೊಂದಾಗಿ ನೋಡೋಣ.

ಹೇಳಿಕೆ 1: ಕಂಪನಿ ಯಾವ ದೇಶದ್ದೋ, ರಜೆಯೂ ಆ ದೇಶದ್ದು

ತಪ್ಪು. ಸಾಮಾನ್ಯವಾಗಿ ನೋಡಬೇಕಾದದ್ದು ಕಂಪನಿಯ ಊರನ್ನಲ್ಲ, ನೀವು ಕುಳಿತು ಕೆಲಸ ಮಾಡುವ ಊರನ್ನು. ಅಮೆರಿಕದ ಕಂಪನಿಯೊಂದು ತನ್ನ ಭಾರತೀಯ ಶಾಖೆಯ ಮೂಲಕ ಗದಗಿನಲ್ಲಿರುವ ನಿಮ್ಮನ್ನು ನೌಕರರಾಗಿ ತೆಗೆದುಕೊಂಡರೆ ಭಾರತದ ಮತ್ತು ಕರ್ನಾಟಕದ ಕಾನೂನನ್ನೇ ಪಾಲಿಸಬೇಕು.

ಅಮೆರಿಕದ ರಜೆ ಸಿಗಲಿಲ್ಲವೆಂದು ಬೇಸರಪಡಬೇಕಾಗಿಯೂ ಇಲ್ಲ. ಖಾಸಗಿ ನೌಕರರಿಗೆ ಸಂಬಳ ಸಹಿತ ವಾರ್ಷಿಕ ರಜೆ ಕೊಡಲೇಬೇಕು ಎನ್ನುವ ರಾಷ್ಟ್ರೀಯ ಕಾನೂನು ಅಲ್ಲಿ ಇಲ್ಲ. 1993ರ ಕಾಯ್ದೆಯೊಂದು ಹೆರಿಗೆ, ಗಂಭೀರ ಕಾಯಿಲೆಯಂಥ ಸಂದರ್ಭಗಳಲ್ಲಿ 12 ವಾರದ ರಜೆ ಕೊಡುತ್ತದೆ. ಆದರೆ ಅದಕ್ಕೆ ಸಂಬಳ ಇಲ್ಲ, ಸಣ್ಣ ಕಂಪನಿಗಳಿಗೆ ಅದು ಅನ್ವಯಿಸುವುದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಒಪ್ಪಂದದಲ್ಲಿ ‘ನೌಕರ’ ಎಂದಿದೆಯೋ, ‘ಸ್ವತಂತ್ರ ಗುತ್ತಿಗೆದಾರ’ ಎಂದಿದೆಯೋ ನೋಡಿಕೊಳ್ಳಿ. ಫ್ರೀಲಾನ್ಸ್ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ನೌಕರರ ರಜೆ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ರಜೆ ಬೇಕಿದ್ದರೆ ಸಹಿ ಹಾಕುವ ಮುಂಚೆಯೇ ಕೇಳಿ ಬರೆಸಿಕೊಳ್ಳಬೇಕು.

ಹೇಳಿಕೆ 2: ಅಂಗಡಿ ಕೆಲಸದವರಿಗೆ ರಜೆ ಮಾಲೀಕರ ಮರ್ಜಿ

ತಪ್ಪು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ವ್ಯಾಪ್ತಿಗೆ ಬರುವ ಅಂಗಡಿ, ಕಚೇರಿ, ಹೋಟೆಲ್‌ಗಳಲ್ಲಿ ವಾರಕ್ಕೊಂದು ರಜೆ ಕಡ್ಡಾಯ. ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ, ದುಡಿದ ಪ್ರತಿ 20 ದಿನಕ್ಕೆ 1 ದಿನದಂತೆ ಸಂಬಳ ಸಹಿತ ರಜೆ ಇದೆ. 300 ದಿನ ದುಡಿದರೆ 15 ದಿನ. ಕಾಯಿಲೆ ಮುಂತಾದ ಕಾರಣಕ್ಕೆ ವರ್ಷಕ್ಕೆ 12 ದಿನ ಬೇರೆ.

ಕಾರ್ಖಾನೆಗಳಲ್ಲೂ ಲೆಕ್ಕ 20 ದಿನಕ್ಕೆ 1 ದಿನವೇ. ಹಿಂದಿನ ಕಾನೂನಿನಲ್ಲಿ ಇದಕ್ಕೂ 240 ದಿನ ದುಡಿದಿರಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಅದನ್ನು 180 ದಿನಕ್ಕೆ ಇಳಿಸಿದೆ.

ಹೇಳಿಕೆ 3: ಡಿಸಿ ರಜೆ ಘೋಷಿಸಿದರೆ ಎಲ್ಲರಿಗೂ ರಜೆ

ಪೂರ್ತಿ ನಿಜವಲ್ಲ. ಗದಗಿನ ತೋಂಟದಾರ್ಯ ಮಠದ ಜಾತ್ರೆಗೋ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗೋ ಸ್ಥಳೀಯ ರಜೆ ಎಂಬ ಸಂದೇಶ ಬಂದರೆ, ಅದು ಶಾಲೆಗೋ, ಸರ್ಕಾರಿ ಕಚೇರಿಗೋ, ಖಾಸಗಿಯವರಿಗೂ ಸೇರಿಯೋ ಎಂದು ಆದೇಶವನ್ನೇ ಓದಿ ನೋಡಬೇಕು. ಖಾಸಗಿ ಸಂಸ್ಥೆಗಳಿಗೆ ಅದು ತಾನಾಗಿಯೇ ಅನ್ವಯಿಸುವುದಿಲ್ಲ.

ಖಾಸಗಿಯವರಿಗೆ ಇರುವುದು 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಸಂಬಳ ಸಹಿತ ರಜೆ. ಇವುಗಳ ಜೊತೆಗೆ 5 ಹಬ್ಬದ ರಜೆ, ಒಟ್ಟು 10. ಆ ದಿನ ಕೆಲಸ ಮಾಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಬದಲಿ ರಜೆ ಕೊಡಬೇಕು. ಜಾತ್ರೆಯ ದಿನವನ್ನು ಆ 5ರಲ್ಲಿ ಸೇರಿಸಿ ಎಂದು ನೌಕರರು ವರ್ಷದ ಆರಂಭದಲ್ಲೇ ಕೇಳುವುದು ಒಳ್ಳೆಯದು.

ಮತದಾನದ ದಿನದ ರಜೆ ಮಾತ್ರ ನಿಜ. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ಹಕ್ಕಿರುವ ನೌಕರರಿಗೆ ಅಂದು ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಅನ್ವಯ.

ಹೇಳಿಕೆ 4: ದುಡಿಯುವ ಎಲ್ಲ ಮಹಿಳೆಯರಿಗೂ 26 ವಾರ ಹೆರಿಗೆ ರಜೆ

ಅರ್ಧ ಸತ್ಯ. 2017ರ ಏಪ್ರಿಲ್ 1ರಿಂದ ಭಾರತದಲ್ಲಿ ಹೆರಿಗೆ ರಜೆ 26 ವಾರ. ಅರಬ್ ಸಂಯುಕ್ತ ಸಂಸ್ಥಾನದ ಖಾಸಗಿ ವಲಯದಲ್ಲಿ ಇದು 60 ದಿನ. ಅದರಲ್ಲೂ 45 ದಿನಕ್ಕೆ ಪೂರ್ತಿ ಸಂಬಳ, ಉಳಿದ 15 ದಿನಕ್ಕೆ ಅರ್ಧ. ಕಾನೂನಿನ ಮಟ್ಟಿಗೆ ನಮ್ಮದು ಉದಾರವಾಗಿದೆ.

ಆದರೆ ಷರತ್ತುಗಳಿವೆ. ಅಂಗಡಿ, ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಜನ ಕೆಲಸಕ್ಕಿರಬೇಕು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಅಲ್ಲಿ ಕೆಲಸ ಮಾಡಿರಬೇಕು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ರಜೆ 12 ವಾರ ಮಾತ್ರ. ಇಎಸ್ಐ ಇದ್ದವರಿಗೆ ಹಣ ಕೊಡುವುದು ಮಾಲೀಕರಲ್ಲ, ಇಎಸ್ಐ ನಿಗಮ.

ಮುಂಡರಗಿಯ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ, ಉಳ್ಳಾಗಡ್ಡಿ ಕೀಳುವ ಕೂಲಿ ಹೆಣ್ಣುಮಕ್ಕಳು ಈ 26 ವಾರದ ಲೆಕ್ಕಕ್ಕೆ ಬರುವುದೇ ಇಲ್ಲ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ರಜೆ ಕೊಡುವ ಮಾಲೀಕ ಯಾರು? ಅವರಲ್ಲಿ ಅರ್ಹರಾದವರಿಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಅಂಗನವಾಡಿಯಲ್ಲಿ ಹೆಸರು ಬರೆಸಬೇಕು. ‘ಎಲ್ಲರಿಗೂ 26 ವಾರ’ ಎಂಬ ಸಂದೇಶಕ್ಕಿಂತ ಈ ಮಾಹಿತಿಯನ್ನು ಕಳಿಸಿದರೆ ಅವರಿಗೆ ಉಪಯೋಗವಾದೀತು.

ಹೇಳಿಕೆ 5: ಮುಟ್ಟಿನ ರಜೆಗೆ ಹೈಕೋರ್ಟ್ ತಡೆ

ಒಂದೇ ದಿನದಲ್ಲಿ ಹಳೆಯದಾದ ಸುದ್ದಿ ಇದು. ತಿಂಗಳಿಗೆ 1ರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಹೈಕೋರ್ಟ್ ಡಿಸೆಂಬರ್ 9ರಂದು ಬೆಳಿಗ್ಗೆ ತಡೆ ನೀಡಿತು, ಸರ್ಕಾರದ ಮನವಿಯ ನಂತರ ಅಂದೇ ಅದನ್ನು ಹಿಂಪಡೆಯಿತು. ಹರಿದಾಡಿದ ಸುದ್ದಿಗಳಲ್ಲಿ ಬೆಳಗಿನ ಅರ್ಧ ಮಾತ್ರ ಉಳಿದುಕೊಂಡಿತು.

‘ಜಗತ್ತಿನಲ್ಲೇ ಮೊದಲು’ ಎನ್ನುವುದೂ ಸರಿಯಲ್ಲ. ಜಪಾನ್ ಕಾನೂನಿನಲ್ಲಿ ಮುಟ್ಟಿನ ರಜೆ 1947ರಿಂದ ಇದೆ, ಸ್ಪೇನ್‌ನಲ್ಲಿ 2023ರಿಂದ. ಬಿಹಾರ ತನ್ನ ಮಹಿಳಾ ಸರ್ಕಾರಿ ನೌಕರರಿಗೆ 1992ರಲ್ಲೇ ಕೊಟ್ಟಿತ್ತು.

ಹೇಳಿಕೆ 6: ಗಲ್ಫ್‌ನಲ್ಲಿ ನಮಗಿಂತ ದುಪ್ಪಟ್ಟು ರಜೆ

ದಿನಗಳ ಸಂಖ್ಯೆ ನೋಡಿ ಮೋಸಹೋಗಬೇಡಿ. ದುಬೈ ಸೇರಿದ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಒಂದು ವರ್ಷ ಪೂರೈಸಿದವರಿಗೆ 30 ದಿನ ವಾರ್ಷಿಕ ರಜೆ. ಆದರೆ ಅದು ಕ್ಯಾಲೆಂಡರ್ ದಿನದ ಲೆಕ್ಕ, ನಡುವೆ ಬರುವ ವಾರದ ರಜೆಗಳೂ ಅದರಲ್ಲೇ ಸೇರುತ್ತವೆ. ಸೌದಿ ಅರೇಬಿಯಾದಲ್ಲಿ 21 ದಿನ, ಒಂದೇ ಕಡೆ 5 ವರ್ಷ ದುಡಿದ ಮೇಲೆ 30 ದಿನ. ಜರ್ಮನಿಯ ಕಾನೂನಿನಲ್ಲಿ 24 ದಿನ ಎಂದಿದೆ. ಅದು ವಾರಕ್ಕೆ 6 ದಿನದ ಕೆಲಸದ ಲೆಕ್ಕ, ಅಂದರೆ 4 ವಾರ. ಬ್ರಿಟನ್ನಿನ 28 ದಿನದಲ್ಲಿ ಅಲ್ಲಿನ ಸಾರ್ವಜನಿಕ ರಜೆಗಳನ್ನೂ ಸೇರಿಸಬಹುದು. ಹೋಲಿಸುವಾಗ ಕ್ಯಾಲೆಂಡರ್ ದಿನವೋ, ಕೆಲಸದ ದಿನವೋ, ಹಬ್ಬ ಒಳಗೋ ಹೊರಗೋ ಎಂದು ಮೊದಲು ಕೇಳಿ.

ಗಲ್ಫ್‌ನಲ್ಲಿ ಮನೆಗೆಲಸದವರಿಗೆ, ಮನೆಯ ಚಾಲಕರಿಗೆ ಪ್ರತ್ಯೇಕ ನಿಯಮಗಳಿವೆ. ಕಂಪನಿಯವರ ರಜೆ ಪಟ್ಟಿ ಅವರಿಗೆ ಹೊಂದುವುದಿಲ್ಲ.

ರಜೆ ಕೊಡದಿದ್ದರೆ ಏನು ಮಾಡಬೇಕು?

ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಿಯ ಫೋಟೊ ಇಟ್ಟುಕೊಳ್ಳಿ. ರಜೆಯನ್ನು ಬಾಯಿಮಾತಿನಲ್ಲಿ ಕೇಳದೆ ಬರೆದು ಕೇಳಿ. ವಾಟ್ಸಾಪ್ ಸಂದೇಶವಾದರೂ ಸರಿ, ಅಳಿಸಬೇಡಿ. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ. ಹೊರದೇಶದಲ್ಲಿರುವವರು ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ: ಯಾವ ದೇಶ ಅಥವಾ ರಾಜ್ಯದ ಕಾನೂನು? ಯಾವ ವರ್ಷದ್ದು? ಯಾರಿಗೆ ಅನ್ವಯ? ಸಂದೇಶದಲ್ಲಿ ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ಅದನ್ನು ನಂಬಿ ರಜೆ ಹಾಕಬೇಡಿ, ಮುಂದಕ್ಕೂ ಕಳಿಸಬೇಡಿ.