ಬೆಲ್ಟಿನ ಗಾಳಿ, ಹೊಗೆಯ ಗಾಳಿ: ಸ್ಪೋರ್ಟ್ಸ್ ಕಾರಿನ ನೂರು ವರ್ಷ

ಅಮೆರಿಕದ ಷೆವರ್ಲೆ ಕಂಪನಿ ತನ್ನ ಕಾರ್ವೆಟ್ ಕಾರಿನ ಅತಿ ಬಲಿಷ್ಠ ಮಾದರಿಗಳಲ್ಲೊಂದಕ್ಕೆ ಝಡ್‌ಆರ್‌1 ಎಂದು ಹೆಸರಿಡುತ್ತದೆ. 2009ರ ಝಡ್‌ಆರ್‌1ರಲ್ಲಿ ಇದ್ದದ್ದು 6.2 ಲೀಟರಿನ ವಿ8 ಎಂಜಿನ್, ಅದರ ನೆತ್ತಿಯ ಮೇಲೊಂದು ಸೂಪರ್‌ಚಾರ್ಜರ್. ಶಕ್ತಿ 638 ಅಶ್ವಶಕ್ತಿ. 2019ರ ಮಾದರಿಯಲ್ಲೂ ಸೂಪರ್‌ಚಾರ್ಜರೇ, 755 ಅಶ್ವಶಕ್ತಿ. 2025ರ ಮಾದರಿ ಬರುವ ಹೊತ್ತಿಗೆ ಸೂಪರ್‌ಚಾರ್ಜರ್ ಕಾಣೆಯಾಗಿತ್ತು. ಎಂಜಿನ್ 5.5 ಲೀಟರಿಗೆ ಇಳಿದು, ಎರಡು ಟರ್ಬೊಗಳ ಬಲದಿಂದ ಶಕ್ತಿ 1,064ಕ್ಕೆ ಏರಿತ್ತು.

ಇದನ್ನು ನೋಡಿ ಟರ್ಬೊ ಗೆದ್ದಿತು, ಸೂಪರ್‌ಚಾರ್ಜರ್ ಸೋತಿತು ಎಂದು ತೀರ್ಪು ಕೊಟ್ಟುಬಿಡಬಹುದು. ತೀರ್ಪೇನೋ ತಪ್ಪಲ್ಲ, ಆದರೆ ಅರ್ಧ ಮಾತ್ರ. ಟರ್ಬೊಗೆ ಶಕ್ತಿಯ ಕೊರತೆ ಎಂದೂ ಇರಲಿಲ್ಲ. ಅದಕ್ಕೆ ಇಲ್ಲದಿದ್ದದ್ದು ಸೂಪರ್‌ಚಾರ್ಜರಿಗೆ ಹುಟ್ಟಿನಿಂದಲೇ ಬಂದ ಒಂದು ಗುಣ: ಕಾಲು ಒತ್ತಿದ ಕೂಡಲೇ ಓಗೊಡುವುದು. ಅದನ್ನು ಕಲಿಯುವುದಕ್ಕೆ ಟರ್ಬೊಗೆ ಅರ್ಧ ಶತಮಾನ ಹಿಡಿಯಿತು. ಕಲಿತ ಮೇಲಷ್ಟೇ ಅದು ಸ್ಪೋರ್ಟ್ಸ್ ಕಾರಿನ ಯಜಮಾನಿಕೆ ವಹಿಸಿಕೊಂಡಿತು.

ಸಿಲಿಂಡರಿಗೆ ಪೆಟ್ರೋಲು ಎಷ್ಟು ಬೇಕಾದರೂ ಸುರಿಯಬಹುದು. ಅದನ್ನು ಉರಿಸುವಷ್ಟು ಗಾಳಿ ತರುವುದೇ ಕಷ್ಟ. 1 ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ವಾತಾವರಣದ ಒತ್ತಡ ತಾನಾಗಿ ಎಷ್ಟು ಗಾಳಿ ತಳ್ಳುತ್ತದೋ ಅಷ್ಟೇ ಗತಿ. ಹೆಚ್ಚು ಶಕ್ತಿ ಬೇಕೆಂದರೆ ಎಂಜಿನ್ನನ್ನು ದೊಡ್ಡದು ಮಾಡಬೇಕು, ಇಲ್ಲವೇ ಕುಲುಮೆಗೆ ತಿದಿ ಒತ್ತಿದ ಹಾಗೆ ಸಿಲಿಂಡರಿಗೂ ಗಾಳಿ ಒತ್ತಿ ತುಂಬಬೇಕು. ಸೂಪರ್‌ಚಾರ್ಜರ್ ಈ ಕೆಲಸವನ್ನು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಬೆಲ್ಟು ಅಥವಾ ಗೇರು ಕಟ್ಟಿ ಮಾಡುತ್ತದೆ. ಎಂಜಿನ್ ತಿರುಗಿದಷ್ಟೂ ಅದು ತಿರುಗುತ್ತದೆ, ನಡುವೆ ಕಾಯುವ ಮಾತೇ ಇಲ್ಲ. ಆದರೆ ಎಂಜಿನ್ ದುಡಿದದ್ದರಲ್ಲಿ ತನ್ನ ಪಾಲನ್ನು ಅದು ಮೊದಲೇ ಕಿತ್ತುಕೊಳ್ಳುತ್ತದೆ. ಟರ್ಬೊ ಹೊರಹೋಗುವ ಹೊಗೆಯಿಂದ ನಡೆಯುತ್ತದೆ: ಒಂದೇ ದಂಡದ ಒಂದು ತುದಿಯಲ್ಲಿ ಹೊಗೆ ತಿರುಗಿಸುವ ಟರ್ಬೈನ್, ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಚಕ್ರ. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯಾಗಿ ಸೈಲೆನ್ಸರಿನಲ್ಲಿ ಹರಿದುಹೋಗುತ್ತದೆ. ಟರ್ಬೊ ಅದರಲ್ಲಿ ಕೊಂಚ ಹಿಡಿದಿಟ್ಟು ಕೆಲಸಕ್ಕೆ ಹಚ್ಚುತ್ತದೆ. ಪೂರ್ತಿ ಪುಕ್ಕಟೆಯೇನಲ್ಲ, ಹೊಗೆಯ ದಾರಿಗೆ ಅಡ್ಡ ನಿಲ್ಲುವುದರಿಂದ ಪಿಸ್ಟನ್ನಿನ ಮೇಲೆ ಒಂದಿಷ್ಟು ಹಿಂದೊತ್ತಡ ಬೀಳುತ್ತದೆ. ಆದರೂ ಲೆಕ್ಕ ಲಾಭದಲ್ಲೇ ಮುಗಿಯುತ್ತದೆ.

ಇವೆರಡರಲ್ಲಿ ಸೂಪರ್‌ಚಾರ್ಜರೇ ಹಿರಿಯದು, ಅದೂ ಕಾರಿಗಿಂತ ಹಿರಿಯದು. ಅಮೆರಿಕದ ಇಂಡಿಯಾನಾ ರಾಜ್ಯದ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಕಬ್ಬಿಣ ಕರಗಿಸುವ ಕುಲುಮೆಗಳ ಕೆಲಸಕ್ಕೆ ಬಂತು. ಒಂದು ಪೆಟ್ಟಿಗೆ, ಒಳಗೆ ಇಂಗ್ಲಿಷಿನ 8ರ ಆಕಾರದ ಎರಡು ತಿರುಗಣೆಗಳು. ಒಂದಕ್ಕೊಂದು ತಾಗದೆ, ಆದರೆ ಕೂದಲೆಳೆಯ ಅಂತರದಲ್ಲಿ ತಿರುಗುತ್ತ, ಒಂದು ಕಡೆಯ ಗಾಳಿಯನ್ನು ಇನ್ನೊಂದು ಕಡೆಗೆ ಸಾಗಿಸುತ್ತವೆ. ಇಂದಿನ ಸೂಪರ್‌ಚಾರ್ಜರುಗಳನ್ನು ಬಿಚ್ಚಿದರೂ ಹಲವುಗಳಲ್ಲಿ ಇದೇ ಉಪಾಯದ ಮೊಮ್ಮಕ್ಕಳು ಕಾಣಸಿಗುತ್ತಾರೆ. ಎಂಜಿನ್ನಿಗೆ ಮೊದಲೇ ಒತ್ತಿದ ಗಾಳಿ ಕೊಡುವ ಯೋಚನೆ 1885ರ ಹೊತ್ತಿಗೇ ಗಾಟ್ಲೀಬ್ ಡೈಮ್ಲರನ ಪೇಟೆಂಟಿನಲ್ಲಿತ್ತು. ಹೊಗೆಯಿಂದ ಗಾಳಿ ಒತ್ತುವ ಪೇಟೆಂಟನ್ನು ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯುಖಿ 1905ರಲ್ಲಿ ಪಡೆದ.

ಎರಡು ಯಂತ್ರಗಳಿಗೂ ಮೊದಲ ದೊಡ್ಡ ಪರೀಕ್ಷೆ ಎದುರಾದದ್ದು ವಿಮಾನದಲ್ಲಿ. ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತಿತ್ತು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ ಹೊತ್ತೊಯ್ದು, 14,000 ಅಡಿ ಎತ್ತರದಲ್ಲಿ ಟರ್ಬೊ ಜೋಡಿಸಿ ಓಡಿಸಿ ತೋರಿಸಿದ. ಸಮುದ್ರಮಟ್ಟದಲ್ಲಿ ಕೊಡುತ್ತಿದ್ದಷ್ಟು ಶಕ್ತಿಯನ್ನು ಅದು ಅಲ್ಲಿಯೂ ಕೊಟ್ಟಿತು. ಆದರೆ ಕಾರಿಗೆ ಇಳಿಯಲು ಟರ್ಬೊಗೆ ಇನ್ನೂ ನಾಲ್ಕು ದಶಕ ಬೇಕಾಯಿತು. ಕೆಂಪಗೆ ಕಾಯುವ ಟರ್ಬೈನ್ ತಾಳುವಂಥ ಅಗ್ಗದ ಲೋಹ, ಆ ವೇಗಕ್ಕೆ ನಿಲ್ಲುವ ಬೇರಿಂಗು ಆಗ ಕಾರಿನ ಬೆಲೆಗೆ ಎಟುಕುತ್ತಿರಲಿಲ್ಲ.

ಹಾಗಾಗಿ 1920, 30ರ ದಶಕಗಳು ಸೂಪರ್‌ಚಾರ್ಜರಿನ ಸುಗ್ಗಿಕಾಲ. 1921ರಲ್ಲಿ ಮರ್ಸಿಡಿಸ್ ಬರ್ಲಿನ್ ಪ್ರದರ್ಶನದಲ್ಲಿ ಸೂಪರ್‌ಚಾರ್ಜರ್ ಕಾರುಗಳನ್ನಿಟ್ಟಿತು. 1923ರಲ್ಲಿ ಮೊನ್ಜಾದ ಇಟಾಲಿಯನ್ ಗ್ರ್ಯಾನ್ ಪ್ರಿಯನ್ನು ಫಿಯೆಟ್ 805 ಗೆದ್ದಿತು. ಸೂಪರ್‌ಚಾರ್ಜರ್ ಕಾರೊಂದು ಗ್ರ್ಯಾನ್ ಪ್ರಿ ಗೆದ್ದದ್ದು ಅದೇ ಮೊದಲು. ಮರ್ಸಿಡಿಸ್ ಎಸ್‌ಎಸ್‌ಕೆಯಲ್ಲಿ ಸೂಪರ್‌ಚಾರ್ಜರ್ ಸದಾ ಓಡುತ್ತಿರಲಿಲ್ಲ. ಆಕ್ಸಿಲರೇಟರನ್ನು ತಳಮುಟ್ಟ ತುಳಿದಾಗ ಮಾತ್ರ ಕ್ಲಚ್ ಕಚ್ಚಿಕೊಂಡು, ಕಿವಿ ಸೀಳುವ ಕಿರುಚಾಟದೊಂದಿಗೆ ಗಾಳಿ ನುಗ್ಗುತ್ತಿತ್ತು.

ಆ ಕಾಲದ ಕಾರುಗಳಲ್ಲಿ ಅತಿ ಹೆಚ್ಚು ಹೆಸರಾದದ್ದು ‘ಬ್ಲೋವರ್’ ಬೆಂಟ್ಲಿ. ಅದರ ಕತೆ ಗೆಲುವಿನದಲ್ಲ. ರೇಸ್ ಚಾಲಕ ಟಿಮ್ ಬರ್ಕಿನ್, ಶ್ರೀಮಂತೆ ಡೊರೊಥಿ ಪ್ಯಾಜೆಟ್ ಅವರ ಹಣದ ನೆರವಿನಿಂದ, ಆಮ್‌ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಸೂಪರ್‌ಚಾರ್ಜರನ್ನು ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಹಾಕಿಸಿದ. ಅದನ್ನು ಕೂರಿಸಿದ್ದು ರೇಡಿಯೇಟರಿನ ಮುಂದೆ, ಚಾಸಿಯ ಎರಡು ಮೂತಿಗಳ ನಡುವೆ. ನೋಡಿದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. 110 ಅಶ್ವಶಕ್ತಿಯ ಎಂಜಿನ್ ರೇಸಿನ ರೂಪದಲ್ಲಿ 240ಕ್ಕೆ ಏರಿತು. ಕಂಪನಿಯ ಸ್ಥಾಪಕ ಡಬ್ಲ್ಯು. ಒ. ಬೆಂಟ್ಲಿಗೆ ಈ ಉಪಾಯ ಒಂದಿಷ್ಟೂ ಹಿಡಿಸಿರಲಿಲ್ಲ. ಶಕ್ತಿ ಬೇಕಾದರೆ ಎಂಜಿನ್ ದೊಡ್ಡದು ಮಾಡಿ ಎಂಬುದು ಅವರ ವಾದ. 1930ರ ಲ ಮಾನ್ಸ್ ರೇಸಿನಲ್ಲಿ ಬ್ಲೋವರುಗಳು ಅರ್ಧಕ್ಕೇ ನಿಂತವು, ಗೆದ್ದದ್ದು ಸೂಪರ್‌ಚಾರ್ಜರಿಲ್ಲದ ದೊಡ್ಡ ಎಂಜಿನ್ನಿನ ಬೆಂಟ್ಲಿ ಸ್ಪೀಡ್ ಸಿಕ್ಸ್. ಅಂದು ಬೆಂಟ್ಲಿಯ ವಾದವೇ ನಿಜವಾಯಿತು.

ಆದರೆ ಸೂಪರ್‌ಚಾರ್ಜರಿನ ಕಸುವು ಸುಳ್ಳಾಗಿರಲಿಲ್ಲ. 1937ರ ಮರ್ಸಿಡಿಸ್ ಡಬ್ಲ್ಯು125 ರೇಸ್ ಕಾರು ಅದರ ನೆರವಿನಿಂದ 600ರ ಹತ್ತಿರ ಅಶ್ವಶಕ್ತಿ ತೆಗೆಯಿತು. ಯುದ್ಧದ ನಂತರ ಆಲ್ಫಾ ರೋಮಿಯೊ 158 ಮತ್ತು 159 ಕಾರುಗಳು ಬರೀ ಒಂದೂವರೆ ಲೀಟರಿನ ಎಂಜಿನ್ನಿನಿಂದ 400 ಅಶ್ವಶಕ್ತಿ ದಾಟಿ, 1950 ಮತ್ತು 1951ರ ಫಾರ್ಮುಲಾ ಒನ್ ಚಾಂಪಿಯನ್ ಪಟ್ಟಗಳನ್ನು ಗೆದ್ದುಕೊಟ್ಟವು. ಅವುಗಳ ಬಾಯಾರಿಕೆ ಮಾತ್ರ ಭಯಂಕರ: ಒಂದು ಲೀಟರ್ ಇಂಧನಕ್ಕೆ ಒಂದು ಕಿಲೋಮೀಟರೂ ಸಾಗುತ್ತಿರಲಿಲ್ಲ, ಪದೇ ಪದೇ ನಿಂತು ಟ್ಯಾಂಕ್ ತುಂಬಿಸಬೇಕಿತ್ತು. 1951ರ ಸಿಲ್ವರ್‌ಸ್ಟೋನ್ ರೇಸಿನಲ್ಲಿ ಸೂಪರ್‌ಚಾರ್ಜರಿಲ್ಲದ 4.5 ಲೀಟರ್ ಫೆರಾರಿಯಲ್ಲಿ ಗೊನ್ಸಾಲೆಸ್ ಅವುಗಳನ್ನು ಸೋಲಿಸಿದ. 1954ರ ನಿಯಮ ಸಾಮಾನ್ಯ ಎಂಜಿನ್ನಿಗೆ 2.5 ಲೀಟರ್, ಸೂಪರ್‌ಚಾರ್ಜರ್ ಎಂಜಿನ್ನಿಗೆ ಬರೀ 0.75 ಲೀಟರ್ ಎಂದು ಗೆರೆ ಎಳೆಯಿತು. ಅಲ್ಲಿಗೆ ರೇಸಿನ ಅಂಗಳದಲ್ಲಿ ಅದರ ಆಟ ಮುಗಿಯಿತು. ಈ ಕ್ಷೇತ್ರದ ಚರಿತ್ರೆಯಲ್ಲಿ ಎಂಜಿನಿಯರನಷ್ಟೇ ನಿಯಮ ಬರೆಯುವವನ ಕೈಯೂ ದೊಡ್ಡದು.

ಅತ್ತ ಟರ್ಬೊ ಹಡಗು, ರೈಲು, ಲಾರಿಗಳ ಡೀಸೆಲ್ ಎಂಜಿನ್ನುಗಳಲ್ಲಿ ಮೌನವಾಗಿ ಪಳಗುತ್ತಿತ್ತು. ಕಾರಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮೂಲಕ. ಗಾಳಿ ಒತ್ತಿದರೆ ಬಿಸಿಯಾಗುತ್ತದೆ, ಬಿಸಿ ಗಾಳಿಯಲ್ಲಿ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿದು ಎಂಜಿನ್ ನಾಕ್ ಹೊಡೆಯುತ್ತದೆ. ಅದನ್ನು ತಡೆಯಲು ಜೆಟ್‌ಫೈರಿನಲ್ಲಿ ನೀರು–ಮೆಥನಾಲ್ ಬೆರಕೆಯ ಬೇರೆಯದೇ ತೊಟ್ಟಿ ಇತ್ತು. ಕೊಂಡವರು ಅದನ್ನು ತುಂಬಿಸಲು ಮರೆತರು. ಕೊನೆಗೆ ಕಂಪನಿಯೇ ಟರ್ಬೊ ಕಳಚಿ ಮಾಮೂಲಿ ಕಾರ್ಬುರೇಟರ್ ಹಾಕಿಕೊಡುವ ಸ್ಥಿತಿ ಬಂತು.

ಜಗತ್ತು ಕಣ್ಣರಳಿಸಿ ನೋಡುವಂತೆ ಮಾಡಿದ್ದು ಪೋರ್ಷೆ. 1973ರ ಕ್ಯಾನ್–ಆ್ಯಮ್ ರೇಸಿನಲ್ಲಿ ಮಾರ್ಕ್ ಡೊನಹ್ಯು ಓಡಿಸಿದ 917/30 ಕಾರು 1,000 ಅಶ್ವಶಕ್ತಿಯ ಗಡಿಯನ್ನು ಲೀಲಾಜಾಲವಾಗಿ ದಾಟಿತು. ಅಲ್ಲಿ ಕಲಿತ ವಿದ್ಯೆಯನ್ನು ಕಂಪನಿ ರಸ್ತೆಗಿಳಿಸಿದ್ದು 911 ಟರ್ಬೊ ರೂಪದಲ್ಲಿ. 1974ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಕಾಣಿಸಿಕೊಂಡಿತು. 3 ಲೀಟರ್, 260 ಅಶ್ವಶಕ್ತಿ. ನಾಕ್ ತಪ್ಪಿಸಲು ಎಂಜಿನ್ನಿನ ಕಂಪ್ರೆಷನ್ ಅನುಪಾತವನ್ನು 6.5ಕ್ಕೆ ಇಳಿಸಿದ್ದರಿಂದ, ಟರ್ಬೊ ಎಚ್ಚರಗೊಳ್ಳುವವರೆಗೆ ಎಂಜಿನ್ ಸಾಮಾನ್ಯ ಕಾರಿಗಿಂತ ಮಂಕು.

ಈ ಕಾರನ್ನು ತಿರುವಿನಲ್ಲಿ ಕಲ್ಪಿಸಿಕೊಳ್ಳಿ, ಟರ್ಬೊ ಲ್ಯಾಗ್ ಎಂದರೇನೆಂದು ಅರ್ಥವಾಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತುತ್ತೀರಿ, ಕಾರು ಸುಮ್ಮನಿರುತ್ತದೆ. ಹೊಗೆ ಹೆಚ್ಚಬೇಕು, ಟರ್ಬೈನ್ ವೇಗ ಹಿಡಿಯಬೇಕು, ಕೊಳವೆಗಳಲ್ಲಿ ಒತ್ತಡ ತುಂಬಬೇಕು. ಸಾಲದೆಂದು ಇನ್ನಷ್ಟು ಒತ್ತುತ್ತೀರಿ. ಸೂಜಿ 3,500 ಆರ್‌ಪಿಎಂ ದಾಟಿದ್ದೇ ತಡ, ಕೇಳಿದ್ದೆಲ್ಲ ಒಟ್ಟಿಗೇ ಬಂದು ಹಿಂದಿನ ಚಕ್ರಗಳ ಮೇಲೆ ಎರಗುತ್ತದೆ. ಎಂಜಿನ್ನೂ ಹಿಂದೆಯೇ ಇರುವ ಕಾರು. ಬೆದರಿ ಕಾಲು ತೆಗೆದಿರೋ, ಬಾಲ ಮುಂದಕ್ಕೆ ಬರುತ್ತದೆ. ‘ವಿಡೋಮೇಕರ್’ ಎಂಬ ಅಡ್ಡಹೆಸರು ಅದಕ್ಕೆ ಅಂಟಿದ್ದು ಹೀಗೆ. ಇದೇ ತಿರುವಿನಲ್ಲಿ ಸೂಪರ್‌ಚಾರ್ಜರ್ ಕಾರು ಕಾಲಿನ ಮಾತನ್ನು ಅಕ್ಷರಶಃ ಕೇಳುತ್ತಿತ್ತು. ವೇಗದ ಕಾರಿನಲ್ಲಿ ಸುರಕ್ಷತೆ, ಸುಖ ಎರಡೂ ಈ ಒಂದು ನಂಬಿಕೆಯ ಮೇಲೆ ನಿಂತಿವೆ ಎಂಬುದು ನನ್ನ ದೃಢ ಅಭಿಪ್ರಾಯ.

ಲ್ಯಾಗ್ ಬಿಡಿಸುವ ದಾರಿಯನ್ನು ಮೊದಲು ತೋರಿಸಿದ್ದು ಸ್ವೀಡನ್ನಿನ ಸಾಬ್. 1977ರಲ್ಲಿ ಬಂದ ಸಾಬ್ 99 ಟರ್ಬೊದಲ್ಲಿ ಗರಿಷ್ಠ ಶಕ್ತಿಯ ಆಸೆ ಬಿಟ್ಟು ಚಿಕ್ಕ ಟರ್ಬೊ ಹಾಕಿದರು. ಚಿಕ್ಕ ಚಕ್ರ ಬೇಗ ತಿರುಗುತ್ತದೆ. ಒತ್ತಡ ಮಿತಿಮೀರಿದರೆ ಹೆಚ್ಚಿನ ಹೊಗೆಯನ್ನು ವೇಸ್ಟ್‌ಗೇಟ್ ಎಂಬ ಕಿಂಡಿ ಹೊರಬಿಡುತ್ತದೆ. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಟರ್ಬೊ ಕಾರುಗಳು ಈ ಸರಳ ಯೋಚನೆಯ ವಾರಸುದಾರರೇ.

ಫಾರ್ಮುಲಾ ಒನ್ ಮಾತ್ರ ಶಕ್ತಿಯ ಹಿಂದೆಯೇ ಓಡಿತು. ರೆನೊ 1977ರಲ್ಲಿ ಸಿಲ್ವರ್‌ಸ್ಟೋನಿಗೆ ತಂದ ಒಂದೂವರೆ ಲೀಟರಿನ ಟರ್ಬೊ ಕಾರು ಆಗಾಗ ಹೊಗೆಯುಗುಳಿ ನಿಲ್ಲುತ್ತಿದ್ದುದರಿಂದ ಅದನ್ನು ಹಳದಿ ಟೀ ಪಾಟ್ ಎಂದು ಆಡಿಕೊಂಡರು. 1979ರಲ್ಲಿ ಡಿಜೊನ್‌ನಲ್ಲಿ ಅದೇ ರೆನೊ ಗೆದ್ದ ಮೇಲೆ ನಗು ನಿಂತಿತು. 1988ರಲ್ಲಿ ಮೆಕ್ಲಾರೆನ್–ಹೋಂಡಾ 16 ರೇಸುಗಳಲ್ಲಿ 15 ಗೆದ್ದಿತು. ಮರುವರ್ಷದಿಂದ ಟರ್ಬೊ ನಿಷೇಧವಾಯಿತು. ಅದು ಮರಳಿದ್ದು 2014ರಲ್ಲಿ, ವಿದ್ಯುತ್ ಮೋಟಾರಿನ ಜೊತೆಗಾರಿಕೆಯಲ್ಲಿ.

ಎರಡನ್ನೂ ಒಂದೇ ಎಂಜಿನ್ನಿಗೆ ಹಾಕಿದರೆ? 1985ರ ಲಾನ್ಸಿಯಾ ಡೆಲ್ಟಾ ಎಸ್4 ರ್‍ಯಾಲಿ ಕಾರು ಹಾಗೆಯೇ ಮಾಡಿತು. ಕೆಳಗಿನ ವೇಗದಲ್ಲಿ ಸೂಪರ್‌ಚಾರ್ಜರ್, ಮೇಲಿನ ವೇಗದಲ್ಲಿ ಟರ್ಬೊ. ತಾಂತ್ರಿಕವಾಗಿ ಅದೊಂದು ಅದ್ಭುತ ಕಾರು. 1986ರ ಮೇ ತಿಂಗಳಲ್ಲಿ ಕಾರ್ಸಿಕಾದ ರ್‍ಯಾಲಿಯಲ್ಲಿ ಹೆನ್ರಿ ತೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಅದರಲ್ಲೇ ಪ್ರಾಣ ಕಳೆದುಕೊಂಡರು. ಗ್ರೂಪ್ ಬಿ ಎಂಬ ಆ ವರ್ಗವನ್ನೇ ಮುಚ್ಚಲಾಯಿತು. ಫೋಕ್ಸ್‌ವ್ಯಾಗನ್ 2005ರಲ್ಲಿ ತನ್ನ 1.4 ಲೀಟರ್ ಗಾಲ್ಫಿನಲ್ಲಿ ಇದೇ ಜೋಡಿಯನ್ನು ಸೌಮ್ಯರೂಪದಲ್ಲಿ ತಂದಿತು, ಆದರೆ ಎರಡು ಯಂತ್ರಗಳ ಖರ್ಚು ಹೆಚ್ಚು ಕಾಲ ನಿಲ್ಲಲಿಲ್ಲ.

ಟರ್ಬೊದ ಪಟ್ಟಾಭಿಷೇಕ ಮಾಡಿದ್ದು ಕೊನೆಗೂ ಸರ್ಕಾರಗಳು. ಯುರೋಪಿನ ಒಕ್ಕೂಟ 2009ರಲ್ಲಿ, ಕಂಪನಿಗಳ ಹೊಸ ಕಾರುಗಳ ಸರಾಸರಿ ಇಂಗಾಲದ ಡೈ ಆಕ್ಸೈಡ್ 2015ರೊಳಗೆ ಕಿಲೋಮೀಟರಿಗೆ 130 ಗ್ರಾಮಿಗೆ ಇಳಿಯಬೇಕೆಂದು ಕಾನೂನು ಮಾಡಿತು. ಎಂಜಿನ್ ಚಿಕ್ಕದು ಮಾಡಿ ಟರ್ಬೊ ಹಾಕುವುದು ಎಲ್ಲರಿಗೂ ಹೆದ್ದಾರಿಯಾಯಿತು. ಸಿಲಿಂಡರಿನೊಳಗೇ ಪೆಟ್ರೋಲು ಚಿಮ್ಮಿಸುವ ವಿಧಾನ ಗಾಳಿಯನ್ನು ತಂಪಾಗಿಸಿದ್ದರಿಂದ ಕಂಪ್ರೆಷನ್ ತಗ್ಗಿಸುವ ಕಷ್ಟ ಕಡಿಮೆಯಾಯಿತು. 2006ರ 911 ಟರ್ಬೊದಲ್ಲಿ ಹೊಗೆಯ ದಾರಿಯ ಎಸಳುಗಳೇ ವೇಗಕ್ಕೆ ತಕ್ಕಂತೆ ಹೊರಳುವ ಟರ್ಬೈನ್ ಬಂತು. ಫೆರಾರಿ 2015ರ 488 ಜಿಟಿಬಿಯಲ್ಲಿ 4.5 ಲೀಟರಿನ ಎಂಜಿನ್ ಬಿಟ್ಟು 3.9 ಲೀಟರಿನ ಟರ್ಬೊ ಎಂಜಿನ್ ಹಾಕಿತು. ಹಾಕಿದ ಮೇಲೆ ಗೇರಿಗೊಂದರಂತೆ ಟಾರ್ಕನ್ನು ಬೇಕೆಂದೇ ಹಿಡಿದು, ಟರ್ಬೊ ಇಲ್ಲದ ಕಾರಿನಂತೆ ಶಕ್ತಿ ಮೆಲ್ಲಗೆ ಏರುವಂತೆ ಹದ ಮಾಡಿತು. 2024ರ 911 ಜಿಟಿಎಸ್‌ನಲ್ಲಿ ಟರ್ಬೊದ ದಂಡದ ಮೇಲೆಯೇ ವಿದ್ಯುತ್ ಮೋಟಾರ್ ಕೂತಿದೆ. ಹೊಗೆ ಬರುವ ಮುನ್ನವೇ ಅದು ಚಕ್ರ ತಿರುಗಿಸುತ್ತದೆ, ಹೊಗೆ ಹೆಚ್ಚಾದಾಗ ಅದೇ ಮೋಟಾರ್ ವಿದ್ಯುತ್ ತಯಾರಿಸುತ್ತದೆ. ವೇಸ್ಟ್‌ಗೇಟೇ ಬೇಡವಾಗಿದೆ. ಲ್ಯಾಗ್ ಎಂಬ ಹಳೆಯ ಕಳಂಕ ಇಲ್ಲಿಗೆ ಬಹುಪಾಲು ತೊಳೆದುಹೋಯಿತು.

ಸೂಪರ್‌ಚಾರ್ಜರ್ ಅಮೆರಿಕದಲ್ಲಿ ಇನ್ನೂ ಗಟ್ಟಿಯಾಗಿದೆ. 707 ಅಶ್ವಶಕ್ತಿಯ ಡಾಜ್ ಹೆಲ್‌ಕ್ಯಾಟ್ ಎಂಜಿನ್ನಿನಲ್ಲಿ ಸೂಪರ್‌ಚಾರ್ಜರನ್ನು ತಿರುಗಿಸಲೆಂದೇ ಸುಮಾರು 80 ಅಶ್ವಶಕ್ತಿ ಖರ್ಚಾಗುತ್ತದೆ; ಒಂದು ಸಣ್ಣ ಕಾರಿನ ಇಡೀ ಎಂಜಿನ್ನಿನಷ್ಟು. ಫೋರ್ಡ್ ಮಸ್ಟಾಂಗ್ ಜಿಟಿಡಿ 815 ಅಶ್ವಶಕ್ತಿಯನ್ನು ಅದರಿಂದಲೇ ತೆಗೆಯುತ್ತದೆ. ಆ ಏರುದನಿಯ ಸಿಳ್ಳೆ, ಕಾಲಿಗೆ ಕೂಡಲೇ ಸಿಗುವ ಉತ್ತರ ಇವುಗಳಿಗೆ ಸಮನಾದದ್ದು ಇನ್ನೊಂದಿಲ್ಲ.

ನಮ್ಮಲ್ಲಿ ಟರ್ಬೊ ಮನೆಮಾತಾದದ್ದು ಡೀಸೆಲ್ ಗಾಡಿಗಳಿಂದ. ಬಿಡದಿಯಲ್ಲಿ ತಯಾರಾದ ಇನ್ನೋವಾ ಅದಕ್ಕೆ ಎಲ್ಲರೂ ಕಂಡ ಉದಾಹರಣೆ. ಪೆಟ್ರೋಲಿನಲ್ಲಿ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂದು ‘ಪಿಕಪ್’ ಮೆಚ್ಚುವ ಹುಡುಗರ ಮನಸ್ಸು ಗೆದ್ದಿತು. ಬೆಂಗಳೂರಿನವರಿಗೆ ಟರ್ಬೊದಲ್ಲಿ ಇನ್ನೊಂದು ಲಾಭವಿದೆ. ಸುಮಾರು 920 ಮೀಟರ್ ಎತ್ತರದ ಈ ಊರಿನ ಗಾಳಿ ಕರಾವಳಿಗಿಂತ ನೂರಕ್ಕೆ ಎಂಟೊಂಬತ್ತು ಪಾಲು ತೆಳು. ಸಾಮಾನ್ಯ ಎಂಜಿನ್ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೆಲ್ಟಿಗೆ ಕಟ್ಟುಬಿದ್ದ ಸೂಪರ್‌ಚಾರ್ಜರಿಗೂ ಹೆಚ್ಚುಕಡಿಮೆ ಅದೇ ಪಾಡು. ಟರ್ಬೊ ಮಾತ್ರ ಇನ್ನಷ್ಟು ಜೋರಾಗಿ ತಿರುಗಿ ಕೊರತೆ ತುಂಬಿಕೊಡಬಲ್ಲದು. ಪೈಕ್ಸ್ ಪೀಕ್‌ನಲ್ಲಿ ಮಾಸ್ ತೋರಿಸಿದ್ದೂ ಅದನ್ನೇ.

ರಸ್ತೆಯ ಮೇಲಿನ ಸ್ಪೋರ್ಟ್ಸ್ ಕಾರಿಗೆ ಇಂದು ಯಾವುದು ಸರಿ ಎಂದು ಕೇಳಿದರೆ, ಅನುಮಾನವಿಲ್ಲದೆ ಟರ್ಬೊ ಎನ್ನುತ್ತೇನೆ. ಕೊಳ್ಳುವವರಿಗೆ ಎರಡು ಮಾತು. ಹಳೆಯ ಕಾರಿಗೆ ಹೊರಗಿನಿಂದ ಟರ್ಬೊ ಕಟ್ಟಿಸುವ ಆಸೆ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ತಯಾರಕರ ಮೂಲ ವಿವರಗಳನ್ನು ಬದಲಿಸಲು ಬಿಡುವುದಿಲ್ಲ, ಎಂಜಿನ್ನಿನ ಒಳಗೂ ಆ ಒತ್ತಡ ತಾಳುವ ಪಿಸ್ಟನ್ ಇರುವುದಿಲ್ಲ. ಟರ್ಬೊ ಕಾರು ಇದ್ದರೆ ಎಂಜಿನ್ ಆಯಿಲ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕುವ ಆ ದಂಡವನ್ನು ಕಾಯುವುದು ಎಣ್ಣೆಯ ತೆಳು ಪದರವೊಂದೇ. ಘಾಟಿ ಹತ್ತಿ ಬಂದು ನಿಲ್ಲಿಸಿದಾಗ ಕೂಡಲೇ ಕೀ ತಿರುಗಿಸದೆ, ಒಂದು ನಿಮಿಷ ಎಂಜಿನ್ ಹಾಗೆಯೇ ಓಡಲು ಬಿಡಿ.