ಸೆರೆಮನೆಗೆ ವೈದ್ಯರನ್ನು ಕಳುಹಿಸಿದ ಪತ್ರ

ಪವಿತ್ರ ಕುರ್‌ಆನಿನ ಸೂರಃ ಅದ್ದಹ್ರ್‌ನ 8ನೇ ಸೂಕ್ತವು ಸಜ್ಜನರ ಗುಣವನ್ನು ವಿವರಿಸುತ್ತಾ, ಅವರು ಉಣಿಸುವ ಮೂವರನ್ನು ಹೆಸರಿಸುತ್ತದೆ: ಬಡವ, ಅನಾಥ ಮತ್ತು ಸೆರೆಯಾಳು. ಮೊದಲ ಇಬ್ಬರ ಬಗ್ಗೆ ನಾವು ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಮೂರನೆಯವನ ಮಾತು ಬರುವುದು ಅಪರೂಪ. ಆದರೆ ನಮ್ಮ ಪೂರ್ವಿಕರು ಅವನ ಹೊಟ್ಟೆ, ಬಟ್ಟೆ, ಕಾಯಿಲೆಗಳ ಬಗ್ಗೆ ಬಹಳ ಯೋಚಿಸಿದ್ದರು. ಆ ಯೋಚನೆಯ ಹಾದಿಯನ್ನು ಒಮ್ಮೆ ನೋಡೋಣ.

ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಆಳಿದ್ದು ಕ್ರಿ.ಶ. 717ರಿಂದ 720ರವರೆಗೆ ಮಾತ್ರ. ಆ ಅಲ್ಪಾವಧಿಯಲ್ಲೇ ಅವರು ತಮ್ಮ ಅಧಿಕಾರಿಗಳಿಗೆ ಸೆರೆಯಾಳುಗಳ ಬಗ್ಗೆ ಆಜ್ಞೆ ಬರೆದು ಕಳುಹಿಸಿದರು. ನಿಂತು ನಮಾಝ್ ಮಾಡಲು ಆಗದಂತೆ ಯಾರನ್ನೂ ಬಿಗಿಯಬಾರದು. ಕೊಲೆ ಆರೋಪಿಯ ಹೊರತು ಯಾರನ್ನೂ ರಾತ್ರಿ ಸಂಕೋಲೆಯಲ್ಲಿ ಇಡಬಾರದು. ಅನ್ನ, ಪದಾರ್ಥ ಎರಡಕ್ಕೂ ಸಾಕಾಗುವಷ್ಟು ಕೊಡಬೇಕು.

ಈ ಆಜ್ಞೆಯನ್ನು ನಮಗಾಗಿ ಉಳಿಸಿಕೊಟ್ಟವರು ಹಾರೂನ್ ರಶೀದರ ಕಾಲದ ಮುಖ್ಯ ಖಾಝಿ ಇಮಾಮ್ ಅಬೂ ಯೂಸುಫ್(ರ). ಅವರಿಗೆ ಸೆರೆಮನೆ ದೂರದ ವಿಷಯವಾಗಿರಲಿಲ್ಲ. ಅವರ ಗುರು ಇಮಾಮ್ ಅಬೂ ಹನೀಫಾ(ರ) ಖಾಝಿ ಹುದ್ದೆಯನ್ನು ಒಲ್ಲೆನೆಂದದ್ದಕ್ಕೆ ಸೆರೆಗೆ ಹೋಗಿ, 767ರಲ್ಲಿ ಬಗ್ದಾದಿನ ಸೆರೆಮನೆಯಲ್ಲೇ ತೀರಿಕೊಂಡರೆಂದು ಹೆಚ್ಚಿನ ಇತಿಹಾಸಕಾರರು ಬರೆದಿದ್ದಾರೆ.

ಖಲೀಫಾರ ಕೋರಿಕೆಯಂತೆ ಬರೆದ ‘ಕಿತಾಬುಲ್ ಖರಾಜ್’ನಲ್ಲಿ ಅಬೂ ಯೂಸುಫ್ ಯಾವ ಮುಲಾಜೂ ಇಲ್ಲದೆ ಮಾತನಾಡುತ್ತಾರೆ. ಆಗ ಸೆರೆಯಾಳುಗಳನ್ನು ಸಂಕೋಲೆ ಸಮೇತ ಬೀದಿಗೆ ತಂದು ಭಿಕ್ಷೆ ಬೇಡಿಸುತ್ತಿದ್ದರು. ಇದನ್ನು ಕೂಡಲೇ ನಿಲ್ಲಿಸಿ, ಗತಿಯಿಲ್ಲದ ಪ್ರತಿಯೊಬ್ಬನಿಗೂ ತಿಂಗಳಿಗೆ 10 ದಿರ್ಹಮ್ ಕೈಗೇ ಕೊಡಿ ಎಂದರು. ರೊಟ್ಟಿ ಕೊಟ್ಟರೆ ಕಾವಲುಗಾರರ ಪಾಲಾಗುತ್ತದೆ. ಆದ್ದರಿಂದ ನಂಬಿಕಸ್ಥನೊಬ್ಬನು ಹೆಸರುಗಳ ಪಟ್ಟಿ ಇಟ್ಟುಕೊಂಡು, ಒಬ್ಬೊಬ್ಬರನ್ನೇ ಕರೆದು ಹಣ ಕೊಡಲಿ ಎಂದರು. ಚಳಿಗೊಂದು, ಬೇಸಿಗೆಗೊಂದು ಬಟ್ಟೆ. ಹೆಣ್ಣುಮಕ್ಕಳಿಗೆ ತಲೆವಸ್ತ್ರವೂ ಬೇಕು ಎಂದರು. ಬಂಧುಬಳಗವಿಲ್ಲದ ಸೆರೆಯಾಳು ಸತ್ತರೆ ಶವ ಒಂದೆರಡು ದಿನ ಅಲ್ಲೇ ಬಿದ್ದಿರುತ್ತದೆ, ಉಳಿದ ಸೆರೆಯಾಳುಗಳು ದುಡ್ಡು ಕೂಡಿಸಿ ಹೊರುವವರನ್ನು ಗೊತ್ತುಮಾಡಬೇಕಾಗುತ್ತದೆ ಎಂಬ ಸುದ್ದಿ ಅವರನ್ನು ಕಲಕಿತ್ತು. ಅಂಥವನ ಗುಸುಲ್, ಕಫನ್‌ಗಳ ಖರ್ಚು ಬೈತುಲ್‌ಮಾಲ್‌ನದು, ಜನಾಝಾ ನಮಾಝ್ ಮಾಡಿಯೇ ದಫನ ಮಾಡಬೇಕು ಎಂದು ವಿಧಿಸಿದರು. ಸೆರೆಮನೆಗಳು ತುಂಬಿ ತುಳುಕುವುದಕ್ಕೆ ಕಾರಣವನ್ನೂ ತೋರಿಸಿದರು: ಸೆರೆಯಾಳುಗಳ ಪ್ರಕರಣಗಳನ್ನು ಯಾರೂ ಪರಿಶೀಲಿಸುತ್ತಿಲ್ಲ. ದಿನವೂ ಪರಿಶೀಲಿಸಿ, ಆರೋಪಕ್ಕೆ ಆಧಾರವಿಲ್ಲದವರನ್ನು ಬಿಟ್ಟುಬಿಡಿ ಎಂಬುದು ಅವರ ಸಲಹೆ.

ಅನ್ನ, ಬಟ್ಟೆಗಳ ನಂತರ ವೈದ್ಯರ ಸರದಿ. ಹತ್ತನೇ ಶತಮಾನದ ಆರಂಭದಲ್ಲಿ, ಖಲೀಫಾ ಮುಕ್ತದಿರ್ ಕಾಲದಲ್ಲಿ ರೋಗರುಜಿನ ಹೆಚ್ಚಿದ್ದ ಒಂದು ವರ್ಷ, ವಝೀರ್ ಅಲೀ ಬಿನ್ ಈಸಾ ಪ್ರಸಿದ್ಧ ವೈದ್ಯ ಸಿನಾನ್ ಬಿನ್ ಸಾಬಿತ್‌ಗೆ ಒಂದು ಪತ್ರ ಬರೆದರು. ಅದರ ಸಾರ ಇಷ್ಟು: ಸೆರೆಮನೆಯಲ್ಲಿರುವವರ ಬಗ್ಗೆ ಯೋಚಿಸಿದೆ. ಅವರ ಸಂಖ್ಯೆ ದೊಡ್ಡದು, ಇರುವ ಜಾಗ ಕಷ್ಟದ್ದು. ಕಾಯಿಲೆ ಬಾರದೆ ಇರದು. ವೈದ್ಯರನ್ನು ಕಂಡು ಕೇಳುವ ಸ್ವಾತಂತ್ರ್ಯವೂ ಅವರಿಗಿಲ್ಲ. ಆದ್ದರಿಂದ ದಿನವೂ ಒಳಗೆ ಹೋಗಿ ನೋಡುವ ವೈದ್ಯರನ್ನು ನೇಮಿಸಿ. ಅವರು ಔಷಧ, ಪಾನಕಗಳನ್ನು ಜೊತೆಗೆ ಒಯ್ದು ಎಲ್ಲ ಸೆರೆಮನೆಗಳನ್ನೂ ಸುತ್ತಲಿ.

ಸಿನಾನ್ ಆಗ ಮುಸ್ಲಿಮರಾಗಿರಲಿಲ್ಲ, ಸಾಬಿಯೀ ಧರ್ಮದವರಾಗಿದ್ದರು. ಅದು ಈ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಮುಂದೆ ವಝೀರ್ ಅಲೀ ಬಿನ್ ಈಸಾ ಅವರೂ ಪದವಿ ಕಳೆದುಕೊಂಡು ಬಂಧನಕ್ಕೊಳಗಾದರು. ಆ ಕಾಲದ ಸೆರೆಮನೆಗಳೆಲ್ಲ ಹೀಗೆ ದಯೆಯಿಂದ ನಡೆಯುತ್ತಿದ್ದವೆಂದು ನಾವು ಹೇಳುತ್ತಿಲ್ಲ; ನಡೆದಿದ್ದರೆ ಅಬೂ ಯೂಸುಫರು ಅಷ್ಟು ಬರೆಯಬೇಕಾಗಿರಲಿಲ್ಲ. ಆದರೆ ಸೆರೆಯಾಳಿನ ಆರೈಕೆ ಆಡಳಿತದ ಹೊಣೆ, ಅದು ಯಾರದೋ ಕರುಣೆಗೆ ಬಿಟ್ಟ ವಿಷಯವಲ್ಲ ಎಂಬ ತತ್ವ ಅಂದೇ ಸ್ಪಷ್ಟವಾಗಿತ್ತು.

ಈಗ ನಮ್ಮ ನಾಡಿಗೆ ಬರೋಣ. 1984ರಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಅಲ್ಲಿನ ಪರಿಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ನ್ಯಾಯಾಲಯ ಅದನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು. 1996ರ ತೀರ್ಪಿನಲ್ಲಿ ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಲಾಯಿತು. ಆರೋಗ್ಯದ ಕಡೆಗಣನೆ ಅವುಗಳಲ್ಲೊಂದು. ಕೈದಿಗಳ ಆರೋಗ್ಯ ಸಮಾಜದ ಹೊಣೆಯೇಕೆ ಎಂಬುದಕ್ಕೆ ನ್ಯಾಯಾಲಯ ಎರಡು ಕಾರಣ ಕೊಟ್ಟಿತು. ಹೊರಗಿನವರಂತೆ ತಮಗೆ ಬೇಕಾದ ವೈದ್ಯರ ಬಳಿ ಹೋಗಲು ಅವರಿಗೆ ಆಗದು; ಬಂಧನದ ಪರಿಸ್ಥಿತಿಯೇ ಅವರಿಗೆ ಹೆಚ್ಚು ರೋಗ ತರುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಬಗ್ದಾದಿನ ಪತ್ರದಲ್ಲಿದ್ದ ಕಾರಣಗಳೂ ಇವೇ ಅಲ್ಲವೇ?

2022ರ ಕೊನೆಯ ಸರಕಾರಿ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅಲ್ಲಿ 100 ಮಂದಿಗೆ ಇರುವ ಜಾಗದಲ್ಲಿ ಸರಾಸರಿ 131 ಮಂದಿ. ಅವರಲ್ಲಿ ಶೇ. 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು, ಎಂದರೆ ತಪ್ಪು ಸಾಬೀತಾಗದವರು. ಅವರಿಗೆ ಬರುವ ಕ್ಷಯ, ಚರ್ಮರೋಗ, ಖಿನ್ನತೆ ಯಾವ ನ್ಯಾಯಾಧೀಶರೂ ವಿಧಿಸಿದ ಶಿಕ್ಷೆಯಲ್ಲ.

ನಾವು ಮಾಡಬಹುದಾದದ್ದು ಕಡಿಮೆಯೇನಲ್ಲ. ಮನೆಯವರೊಬ್ಬರು ಬಂಧನದಲ್ಲಿದ್ದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗದಂಥವುಗಳ ವೈದ್ಯರ ಚೀಟಿಗಳ ಪ್ರತಿಯನ್ನು ಮೊದಲ ವಾರವೇ ಜೈಲು ಅಧೀಕ್ಷಕರಿಗೆ ಲಿಖಿತವಾಗಿ ತಲುಪಿಸಿ, ಸ್ವೀಕೃತಿ ಪಡೆದುಕೊಳ್ಳಿ. ಬಂಧನದಲ್ಲಿರುವ ಯಾರಿಗೇ ಆಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕಾಯಿಲೆಯವರ, ಅಶಕ್ತರ ಜಾಮೀನು ಅರ್ಜಿಯನ್ನು ವಿಶೇಷವಾಗಿ ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ಜಮಾಅತ್ ಕಮಿಟಿಗಳು ಇಂಥ ಮನೆಗಳನ್ನು ದೂರವಿಡದೆ ಈ ಮೂರು ಕೆಲಸಗಳಿಗೆ ನೆರವಾಗಲಿ. ನಮ್ಮ ವೈದ್ಯರು ಜೈಲು ಅಧಿಕಾರಿಗಳ ಅನುಮತಿ ಪಡೆದು, ಜಾತಿಮತ ಕೇಳದೆ ಎಲ್ಲ ಕೈದಿಗಳಿಗೂ ತಪಾಸಣಾ ಶಿಬಿರ ನಡೆಸಲಿ.

ತಪ್ಪಿದ್ದರೆ ಶಿಕ್ಷೆ ನ್ಯಾಯಾಲಯ ಕೊಡಲಿ. ಔಷಧ ಅವನ ಹಕ್ಕು. ಆ ಹಕ್ಕನ್ನು ತಲುಪಿಸುವವರಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ. ಆಮೀನ್.