ಕೈ ಪಳಗುವ ಲೆಕ್ಕ: ಪಾತ್ರವಹಿಸುವ ಮೇಜಿನಾಟಗಳಲ್ಲಿ ಕೌಶಲ ಕಲಿಕೆಯ ಇತಿಹಾಸ ಮತ್ತು ಹೊಯ್ಸಳ ರೂವಾರಿಗಳ ಸಾಕ್ಷ್ಯ

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆ ಎಂಬ ಸ್ತ್ರೀಶಿಲ್ಪಗಳಲ್ಲಿ ನಾಲ್ಕು ದಾಸೋಜನ ಕೆಲಸ, ಐದು ಅವನ ಮಗ ಚಾವಣನ ಕೆಲಸ ಎಂದು ವಿದ್ವಾಂಸರು ಎಣಿಸಿದ್ದಾರೆ. ತಂದೆ ಮಗ ಇಬ್ಬರೂ ಬಳ್ಳಿಗಾವೆಯವರು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಕೆತ್ತಿದವರ ಹೆಸರು, ಊರು, ತಂದೆಯ ಹೆಸರು, ಬಿರುದು ಎಲ್ಲವೂ ಕಲ್ಲಿನ ಮೇಲೆ ಸಿಗುತ್ತವೆ. ಚಾವಣ ಎಷ್ಟು ವರ್ಷ ಅಪ್ಪನ ಕೈಕೆಳಗೆ ದುಡಿದ, ಯಾವಾಗ ಅವನಿಗೆ ಒಂದು ಇಡೀ ಮದನಿಕೆಯನ್ನು ಒಪ್ಪಿಸಲಾಯಿತು ಎಂಬ ಬಗ್ಗೆ ಮಾತ್ರ ಶಾಸನ ತುಟಿ ಬಿಚ್ಚುವುದಿಲ್ಲ. ರೂವಾರಿಗಳು ಬರೆದಿಟ್ಟದ್ದು ಕೆಲಸದ ದಾಖಲೆ. ಕಲಿತದ್ದನ್ನು ಯಾರೂ ಬರೆದಿಡಲಿಲ್ಲ.

ಕಲಿಕೆಯನ್ನು ಬರೆದಿಡದೆ ಮುಂದೆ ಸಾಗಲಾರದ ಒಂದು ಕ್ಷೇತ್ರ ಕಳೆದ ಐವತ್ತು ವರ್ಷಗಳಲ್ಲಿ ಹುಟ್ಟಿಕೊಂಡಿದೆ. ಅದು ಪಾತ್ರವಹಿಸಿ ಆಡುವ ಮೇಜಿನಾಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆಯ ಸೂತ್ರ ಹಿಡಿಯುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಇದೇ ಪಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುವುದರಿಂದ 'ಇವನಿಗೆ ಈಗ ಇದು ಬರುತ್ತದೆಯೇ?' ಎಂಬ ಪ್ರಶ್ನೆ ಏಳದೆ ಇರುವುದಿಲ್ಲ, ಅದಕ್ಕೆ ಉತ್ತರ ಅಂಕಿಯಲ್ಲೇ ಬೇಕು. ಆ ಉತ್ತರಗಳು ಬದಲಾದ ಬಗೆಯನ್ನು ಹೊಯ್ಸಳ ಸಾಕ್ಷ್ಯದ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲ ಉತ್ತರ ಬಂದದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೂಲಕ. ಮೂರು ಕಿರುಹೊತ್ತಗೆಗಳ ಈ ಆಟದಲ್ಲಿ ಕೌಶಲ ಎಂಬ ಬೇರೆಯ ಪಟ್ಟಿಯೇ ಇರಲಿಲ್ಲ. ಪಾತ್ರ ಅನುಭವದ ಅಂಕ ಗಳಿಸಿ ಮಟ್ಟ ಏರುತ್ತಿತ್ತು, ಪ್ರತಿ ಮಟ್ಟಕ್ಕೂ ಒಂದು ಬಿರುದು ಇತ್ತು. ಯೋಧ ಎರಡು ಸಾವಿರ ಅಂಕಕ್ಕೆ ಎರಡನೆಯ ಮಟ್ಟ ತಲುಪುತ್ತಿದ್ದ, ನಾಲ್ಕರಲ್ಲಿ 'ಹೀರೋ', ಎಂಟರಲ್ಲಿ 'ಸೂಪರ್‌ಹೀರೋ', ಒಂಬತ್ತರಲ್ಲಿ 'ಲಾರ್ಡ್' ಎನಿಸಿಕೊಳ್ಳುತ್ತಿದ್ದ. ಈ ನಾಲ್ಕು, ಎಂಟು ಎಲ್ಲಿಂದ ಬಂದವು ಎಂಬುದು ಗಮನಾರ್ಹ. 1971ರ 'ಚೈನ್‌ಮೇಲ್' ಎಂಬ ಯುದ್ಧದ ಆಟದಲ್ಲಿ ಹೀರೋ ನಾಲ್ಕು ಆಳಿಗೆ ಸಮ, ಸೂಪರ್‌ಹೀರೋ ಎಂಟು ಆಳಿಗೆ ಸಮ. ಹೀಗೆ ಆಳಿನ ಲೆಕ್ಕದಲ್ಲಿ ಅಳೆದ ಪರಾಕ್ರಮವೇ ಮುಂದೆ ಕಲಿಕೆಯ ಮೆಟ್ಟಿಲಾಯಿತು. ಅಂಕದ ದೊಡ್ಡ ಪಾಲು ಬರುತ್ತಿದ್ದುದು ನಿಧಿಯಿಂದ, ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕದಂತೆ. ಕೊಪ್ಪರಿಗೆ ಹೊತ್ತು ತಂದವನಿಗೆ ಕತ್ತಿವರಸೆ ತಾನಾಗಿ ಒಲಿಯುತ್ತದೆ ಎಂದಂತಾಯಿತು. ನಗು ಬರುವ ನಿಯಮವೇ ಸರಿ, ಆದರೆ ಅದು ಕಲಿಕೆಯ ವಿವರಣೆಯಾಗಿರಲಿಲ್ಲ. ಆಟಗಾರರು ಏನು ಮಾಡಬೇಕೆಂದು ಆಟ ಬಯಸುತ್ತದೋ ಅದಕ್ಕೆ ಕೊಟ್ಟ ಕೂಲಿ ಅದು.

ಬಿರುದಿನಿಂದ ಕೌಶಲವನ್ನು ಅಳೆಯುವ ಈ ಕ್ರಮ ಬೇಲೂರು, ಹಳೇಬೀಡುಗಳನ್ನು ಬಲ್ಲವರಿಗೆ ಹೊಸದೆನಿಸದು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟ ಮತ್ತು ಆರ್. ನರಸಿಂಹಾಚಾರ್ 1919ರಲ್ಲಿ ಬೇಲೂರಿನ ಬಗ್ಗೆ ಬರೆದ ಪುಸ್ತಕ ರೂವಾರಿಗಳ ಹೆಸರುಗಳನ್ನು ಓದುಗರ ಮುಂದಿಟ್ಟವು. ಅಲ್ಲಿ ಹೆಸರಿನ ಹಿಂದೆಮುಂದೆ ಬರುವ ವಿಶೇಷಣಗಳು ಬಹುಮಟ್ಟಿಗೆ ಎದುರಾಳಿಯನ್ನು ಹಳಿಯುವಂಥವು, ಬಿರುದು ಹೊತ್ತ ಶಿಲ್ಪಿಗಳೆಂಬ ಬೆಟ್ಟಕ್ಕೆ ಸಿಡಿಲು ಎಂಬ ಧಾಟಿಯವು. ಕಾಳಗದ ನುಡಿಯನ್ನು ಉಳಿ ಸುತ್ತಿಗೆಯ ಕಸುಬಿಗೆ ಎರವಲು ತಂದಿದ್ದಾರೆ. ಇಂಥ ಬಿರುದು ಒಬ್ಬ ರೂವಾರಿ ಇನ್ನೊಬ್ಬನಿಗಿಂತ ಎಷ್ಟು ಮೇಲು ಎಂದು ಸಾರುತ್ತದೆ, ಮೇಲೇರಿದ್ದು ಹೇಗೆಂಬ ಗೊಡವೆಗೆ ಹೋಗುವುದಿಲ್ಲ. 'ಸೂಪರ್‌ಹೀರೋ' ಮಾಡಿದ್ದೂ ಇದನ್ನೇ.

ಬರೀ ಬಿರುದಿನಿಂದ ಆಟಗಾರರಿಗೆ ಸಮಾಧಾನವಾಗಲಿಲ್ಲವೆಂಬುದು ಬೇಗನೆ ಗೊತ್ತಾಯಿತು. 1979ರಲ್ಲಿ ಗೈಗ್ಯಾಕ್ಸ್ ಸೂತ್ರಧಾರನಿಗಾಗಿ ಬರೆದ ಮಾರ್ಗದರ್ಶಿಯಲ್ಲಿ ಅಂಕ ತುಂಬಿದ ಮಾತ್ರಕ್ಕೆ ಮಟ್ಟ ಏರುವಂತಿಲ್ಲ. ಗುರುವಿನ ಬಳಿ ತರಬೇತಿ ಪಡೆಯಬೇಕು, ವಾರಕ್ಕೆ ಪಾತ್ರದ ಮಟ್ಟವನ್ನು 1500ರಿಂದ ಗುಣಿಸಿದಷ್ಟು ಚಿನ್ನ ತೆರಬೇಕು. ಚೆನ್ನಾಗಿ ಆಡಿದವನಿಗೆ ಒಂದು ವಾರ, ಹದಗೆಡಿಸಿದವನಿಗೆ ನಾಲ್ಕು ವಾರ. ಗುರು ಸಿಗದಿದ್ದರೆ ಅವಧಿ ದುಪ್ಪಟ್ಟು. ಕಲಿಕೆಗೆ ಕಾಲ ಹಿಡಿಯುತ್ತದೆ, ಗುರುದಕ್ಷಿಣೆ ತಗಲುತ್ತದೆ ಎಂಬ ಅರಿವು ನಿಯಮದೊಳಕ್ಕೆ ಬಂತು. ಆದರೂ ಅದು ಸುಂಕದ ಕಟ್ಟೆಯಂತೆಯೇ ಉಳಿಯಿತು: ಹಣ ಕೊಟ್ಟರೆ ದಾಟಬಹುದು, ಒಳಗೆ ಏನು ನಡೆಯಿತೆಂದು ಯಾರೂ ಕೇಳುವುದಿಲ್ಲ.

1977ರಲ್ಲಿ ಮಾರ್ಕ್ ಮಿಲ್ಲರ್ ತಂದ 'ಟ್ರಾವೆಲರ್' ತೀರ ಬೇರೆ ಹಾದಿ ಹಿಡಿಯಿತು. ಅಲ್ಲಿ ಪಾತ್ರ ಹದಿನೆಂಟನೆಯ ವಯಸ್ಸಿಗೆ ನೌಕಾಪಡೆಗೋ ವರ್ತಕರ ಹಡಗಿಗೋ ಸೇರಿ, ನಾಲ್ಕು ನಾಲ್ಕು ವರ್ಷಗಳ ಅವಧಿಗಳನ್ನು ಮುಗಿಸಿ, ಕಲಿಯಬೇಕಾದ್ದನ್ನು ಬಹುಪಾಲು ಕಲಿತ ಮೇಲೆಯೇ ಆಟ ಶುರು. 34 ದಾಟಿದರೆ ಮೈಬಲ ಕುಗ್ಗುವ ಅಪಾಯವೂ ಉಂಟು. ಬಳ್ಳಿಗಾವೆಯಲ್ಲಿ ಕಲಿತು ಬೇಲೂರಿಗೆ ಬಂದ ದಾಸೋಜನಂಥವರಿಗೆ ಇದು ಹೊಂದುತ್ತದೆ. ನಮ್ಮ ಕಣ್ಣಿಗೆ ಅವನು ಬೀಳುವ ಹೊತ್ತಿಗೆ ಪಳಗಿದ ಕೈಯೇ.

ನಿಜವಾದ ತಿರುವು 1978ರ 'ರೂನ್‌ಕ್ವೆಸ್ಟ್'. ಸ್ಟೀವ್ ಪೆರಿನ್ ಮತ್ತು ಗೆಳೆಯರು ಮಟ್ಟಗಳನ್ನೇ ಕಿತ್ತುಹಾಕಿದರು. ಪ್ರತಿ ಕೌಶಲಕ್ಕೂ ನೂರಕ್ಕೆ ಇಷ್ಟು ಎಂಬ ಅಂಕಿ ಇತ್ತು. ಪ್ರಯತ್ನ ಕೈಗೂಡಿದರೆ ಆ ಕೌಶಲದ ಮುಂದೆ ಒಂದು ಗುರುತು ಹಾಕಿಕೊಳ್ಳಬೇಕು, ಸಾಹಸ ಮುಗಿದ ಮೇಲೆ ನೂರರ ದಾಳ ಉರುಳಿಸಬೇಕು. ಈಗಿರುವ ಅಂಕಿಗಿಂತ ಹೆಚ್ಚು ಬಿದ್ದರೆ ಮಾತ್ರ ಐದು ಅಂಶ ಏರಿಕೆ. ನಿಯಮದ ಜಾಣ್ಮೆ ಇರುವುದು ಇಲ್ಲಿ: ಮೂವತ್ತು ಇದ್ದವನು ಸುಲಭವಾಗಿ ಏರುತ್ತಾನೆ, ತೊಂಬತ್ತು ತಲುಪಿದವನು ಏದುಸಿರು ಬಿಡುತ್ತಾನೆ. ಬಳಸಿದ್ದಷ್ಟೇ ಬೆಳೆಯುತ್ತದೆ. ಬೇಕಿದ್ದರೆ ವೃತ್ತಿಸಂಘಗಳಲ್ಲಿ ಸಾಲ ಮಾಡಿಯಾದರೂ ತರಬೇತಿ ಪಡೆಯಬಹುದಿತ್ತು.

ಇದನ್ನು ಓದುವಾಗ ಹಳೇಬೀಡಿನ ಹೊಯ್ಸಳೇಶ್ವರದ ಅಧಿಷ್ಠಾನ ನೆನಪಾಗದಿರದು. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮೇಲೆ ಪುರಾಣ ಕಥೆಗಳು, ಮಕರ, ಹಂಸ, ಅದಕ್ಕೂ ಮೇಲೆ ದೊಡ್ಡ ದೇವಮೂರ್ತಿಗಳು. ಆನೆಯ ಸಾಲಿನಲ್ಲಿ ಒಂದೇ ವಸ್ತು ನೂರಾರು ಬಾರಿ ಮರಳುತ್ತದೆ, ಸೊಂಡಿಲ ಬಾಗು, ಕಾಲಿನ ನಡೆ, ಮೈಮೇಲಿನ ಹಗ್ಗ ಮಾತ್ರ ಬದಲಾಗುತ್ತವೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಚಾಣದ ಸಣ್ಣ ತಪ್ಪನ್ನೂ ಅಡಗಿಸಿಕೊಳ್ಳುವುದಿಲ್ಲ. ಎಳೆಯರ ಕೈಗೆ ಮೊದಲು ಕೊಡುತ್ತಿದ್ದುದು ಇಂಥ ಪಟ್ಟಿಕೆಯನ್ನೇ ಇರಬೇಕು ಎಂದು ಊಹಿಸುವುದು ಸಹಜ. ಊಹೆಯನ್ನು ಊಹೆಯಾಗಿಯೇ ಇಡಬೇಕು, ಏಕೆಂದರೆ ಸಹಿಗಳು ಹೆಚ್ಚಾಗಿ ಕಾಣುವುದು ದೊಡ್ಡ ಮೂರ್ತಿಗಳ ಬಳಿ. ರೂನ್‌ಕ್ವೆಸ್ಟ್‌ನ ಭಾಷೆಯಲ್ಲಿ ಹೇಳುವುದಾದರೆ ಮೂವತ್ತರಿಂದ ಅರವತ್ತಕ್ಕೆ ಏರುತ್ತಿದ್ದವನಿಗೆ ಹೆಸರು ಬರೆಯುವ ಹಕ್ಕು ಇದ್ದಂತೆ ತೋರುವುದಿಲ್ಲ.

ಹೆಸರು ಬರೆದು, ದಶಕಗಳ ಕಾಲ ಬರೆಯುತ್ತಲೇ ಹೋದವನು ಮಲ್ಲಿತಮ್ಮ. 1196ರ ಅಮೃತಾಪುರದಲ್ಲಿ ಅವನ ಕೆಲಸ ಆರಂಭ. ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ, ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ, ಕೊನೆಗೆ 1258ರ ಸೋಮನಾಥಪುರದಲ್ಲಿ ಅವನಿದ್ದಾನೆ. ಸೋಮನಾಥಪುರವೊಂದರಲ್ಲೇ ನಲವತ್ತು ಮೂರ್ತಿಗಳು ಅವನ ಹೆಸರಿನಲ್ಲಿವೆ. 'ಮಲ್ಲಿ' ಎಂದೋ ಬರಿಯ 'ಮ' ಎಂದೋ ಗೀಚಿ ಮುಂದಕ್ಕೆ ಹೋಗಿದ್ದಾನೆ. ಹದಿನೈದಕ್ಕೆ ಉಳಿ ಹಿಡಿದನೆಂದರೂ ಸೋಮನಾಥಪುರದ ಹೊತ್ತಿಗೆ ಎಪ್ಪತ್ತೇಳು. ಒಬ್ಬನೇ ಇಷ್ಟು ದುಡಿದನೋ, ಒಂದು ಹೆಸರಿನ ಕೆಳಗೆ ಒಂದು ಮನೆಯ ಹಲವು ಕೈಗಳು ದುಡಿದವೋ? ನನಗೆ ಎರಡನೆಯದೇ ಹೆಚ್ಚು ನಂಬಲರ್ಹವೆನಿಸುತ್ತದೆ.

ಇಂಥ ಬದುಕಿಗೆ ಹತ್ತಿರವಾದ ನಿಯಮ ಬಂದದ್ದು 1987ರಲ್ಲಿ, ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ ರಚಿಸಿದ 'ಆರ್ಸ್ ಮ್ಯಾಜಿಕಾ'ದಲ್ಲಿ. ಅದರ ಮಾಂತ್ರಿಕರಿಗೆ ಹದಿನೈದು ವರ್ಷಗಳ ಶಿಷ್ಯವೃತ್ತಿ ಕಡ್ಡಾಯ, ಆಮೇಲಿನ ಕಲಿಕೆಯನ್ನು ಋತುಗಳಲ್ಲಿ ಎಣಿಸುತ್ತಾರೆ, ವರ್ಷಕ್ಕೆ ನಾಲ್ಕು. ಓದಿಗೆ ಕೊಟ್ಟ ಋತುವನ್ನು ಪ್ರಯೋಗಕ್ಕೆ ಕೊಡಲಾಗದು. ನಂತರದ ಆವೃತ್ತಿಗಳಲ್ಲಿ ಗುರು ವರ್ಷಕ್ಕೆ ಒಂದು ಋತುವನ್ನಾದರೂ ಶಿಷ್ಯನಿಗೆ ಮೀಸಲಿಡಬೇಕು, ಮಿಕ್ಕ ಕಾಲ ಶಿಷ್ಯ ಗುರುವಿನ ಕೆಲಸಕ್ಕೆ ಹೆಗಲು ಕೊಡುತ್ತಾನೆ. ಕಲಿಸುವವನಿಗೂ ಕಲಿಕೆ ದುಬಾರಿ ಎಂಬುದನ್ನು ಲೆಕ್ಕಕ್ಕೆ ತಂದದ್ದು ಈ ಆಟದ ದೊಡ್ಡ ಕೊಡುಗೆ. ಆಟಗಾರರೆಲ್ಲ ಸೇರಿ ಒಂದು ಮಠದಂಥ ನೆಲೆಯನ್ನೂ ಬೆಳೆಸುತ್ತಾರೆ. ಪಾತ್ರ ಸತ್ತರೂ ಅದರ ಗ್ರಂಥಭಂಡಾರ ಉಳಿಯುತ್ತದೆ.

ಸೋಲಿನಿಂದ ಕಲಿಯುವ ನಿಯಮ ಇನ್ನೂ ತಡವಾಗಿ ಬಂತು. ಲ್ಯೂಕ್ ಕ್ರೇನ್‌ನ 'ಬರ್ನಿಂಗ್ ವ್ಹೀಲ್' 2002ರಲ್ಲಿ ಗೆದ್ದ, ಸೋತ ಎರಡೂ ಪ್ರಯತ್ನಗಳನ್ನು ಎಣಿಸಿತು. 2012ರ 'ಡಂಜನ್ ವರ್ಲ್ಡ್' ದಾಳ ಕೈಕೊಟ್ಟಾಗಲೇ ಅಂಕ ಕೊಟ್ಟಿತು. ನಮ್ಮ ಜನಪದ ಇದನ್ನು ಮೊದಲೇ ಕಂಡಿತ್ತು. ದಂತಕಥೆಯ ಶಿಲ್ಪಿ ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನೊಳಗೆ ಕಪ್ಪೆ ಇದೆಯೆಂದು ಹುಡುಗ ಡಂಕಣ ತೋರಿಸಿದ ಕಥೆಯನ್ನು ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯ ಬಗ್ಗೆ ಹೇಳುತ್ತಾರೆ. ಇತಿಹಾಸಕ್ಕೆ ಆ ಕಥೆ ಸಾಕ್ಷಿಯಾಗದು. ಆದರೂ ಹಿರಿಯ ರೂವಾರಿಯ ಕಸುಬನ್ನು ಅವನ ಒಂದು ತಪ್ಪಿನ ಮೂಲಕ ಅಳೆಯಲು ಜನ ಹಿಂಜರಿಯಲಿಲ್ಲ ಎಂಬುದಂತೂ ಅದರಿಂದ ತಿಳಿಯುತ್ತದೆ.

ಈ ಆಟಗಳಿಗೆ ಇಂದಿಗೂ ಪೂರ್ತಿ ಒಗ್ಗದ ಒಂದು ಸಂಗತಿ ಅರಸೀಕೆರೆಯಲ್ಲಿದೆ. 1220ರ ಸುಮಾರಿನ ಈಶ್ವರ ದೇವಾಲಯದ ತೆರೆದ ಮಂಟಪ ನಕ್ಷತ್ರದ ಆಕಾರದ್ದು, ಹೊಯ್ಸಳರಲ್ಲೂ ಅಪರೂಪವಾದದ್ದು. ಇಂಥ ವಿನ್ಯಾಸ ಚೌಕವನ್ನು ಕೇಂದ್ರದ ಸುತ್ತ ತಿರುಗಿಸಿ ಗೆರೆ ಹಾಕಿದರೆ ಹುಟ್ಟುತ್ತದೆ. ಒಬ್ಬ ಗೆರೆ ಹಾಕಬಹುದು, ಆದರೆ ಆ ಗೆರೆಗೆ ಸರಿಯಾಗಿ ಕಂಬ, ಕಕ್ಷಾಸನ, ಜಗಲಿ ಎಲ್ಲವೂ ಕೂಡಿಬರಬೇಕಾದರೆ ಇಡೀ ತಂಡಕ್ಕೆ ಅಳತೆ ಅರ್ಥವಾಗಿರಬೇಕು. ಪಾತ್ರದ ಹಾಳೆ ಒಬ್ಬೊಬ್ಬನ ಕೌಶಲವನ್ನು ಬರೆಯುತ್ತದೆ, ತಂಡ ಕಲಿತದ್ದಕ್ಕೆ ಅಲ್ಲಿ ಜಾಗ ಕಡಿಮೆ. ನುಗ್ಗೇಹಳ್ಳಿಯಲ್ಲಿ ಇದನ್ನು ಪರೀಕ್ಷಿಸಬಹುದು: ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಅಧಿಷ್ಠಾನದ ಪಟ್ಟಿಕೆಗಳು ಎರಡೂ ಗೋಡೆಗಳ ಕೆಳಗೆ ಹಾದುಹೋಗುತ್ತವೆ. ಅವುಗಳ ಕೆತ್ತನೆಯನ್ನು ಅಡಿ ಅಡಿಯಾಗಿ ಹೋಲಿಸಿದರೆ ಎರಡು ತಂಡಗಳು ಪ್ರತ್ಯೇಕವಾಗಿ ಪಳಗಿದ್ದವೇ, ಒಂದೇ ಕೆಲಸಗಾರರ ಗುಂಪು ಇಬ್ಬರಿಗೂ ದುಡಿಯಿತೇ ಎಂಬ ಪ್ರಶ್ನೆಯನ್ನು ಕಲ್ಲಿನ ಮೇಲೆಯೇ ಕೇಳಬಹುದು.